ರೋಗಿಯ ಔಷಧ, ಮಾಲೀಕನ ಪರೀಕ್ಷೆ

ಅಮೆರಿಕದಲ್ಲಿ ಸರ್ಕಾರಿ ನಿಯಮದಡಿ ನಡೆಯುವ ಮಾದಕವಸ್ತು ಪರೀಕ್ಷೆಯ ಕ್ರಮ ಹೀಗಿದೆ. ನೌಕರ ಕೋಟು, ಚೀಲಗಳನ್ನು ಹೊರಗಿಟ್ಟು, ಜೇಬು ಖಾಲಿ ಮಾಡಿ ತೋರಿಸಿ, ಕೈ ತೊಳೆದುಕೊಂಡು ಶೌಚಾಲಯದ ಒಳಗೆ ಹೋಗಬೇಕು. ಒಳಗೆ ಅವನ ಕೈಗೆ ನೀರು ಸಿಗದಂತೆ ನೋಡಿಕೊಂಡಿರುತ್ತಾರೆ. ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಅದನ್ನು ಯಾರೂ ಮೂತ್ರಕ್ಕೆ ಬೆರೆಸಬಾರದೆಂದು. ಕನಿಷ್ಠ 45 ಮಿಲಿಲೀಟರ್ ಮೂತ್ರ ಬೇಕು. ಅದನ್ನು ಕೊಟ್ಟ ನಾಲ್ಕು ನಿಮಿಷದೊಳಗೆ ಸಿಬ್ಬಂದಿ ಬಟ್ಟಲಿಗೆ ಅಂಟಿಸಿದ ಪಟ್ಟಿಯಲ್ಲಿ ಉಷ್ಣಾಂಶ ನೋಡುತ್ತಾರೆ. 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿಲ್ಲದಿದ್ದರೆ ಅನುಮಾನ. ಆಮೇಲೆ ಎರಡು ಸೀಸೆಗೆ ಸುರಿದು, ನೌಕರನ ಕಣ್ಣೆದುರೇ ಮುದ್ರೆ ಹಾಕಿ, ಅವನಿಂದ ಸಹಿ ಪಡೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಸೀಸೆ ಅದಲುಬದಲಾಗದಂತೆ ಇಷ್ಟು ಎಚ್ಚರ ವಹಿಸುವ ವ್ಯವಸ್ಥೆ, ಆ ಸೀಸೆಯಿಂದ ತಿಳಿಯುವುದೇನು ಎಂಬ ಬಗ್ಗೆ ಅಷ್ಟೇ ಎಚ್ಚರ ವಹಿಸಿಲ್ಲ. ಮಾಲೀಕನಿಗೆ ತಿಳಿಯಬೇಕಾದ ಸಂಗತಿ ಒಂದೇ: ಈ ಮನುಷ್ಯ ಕೆಲಸದ ಹೊತ್ತಿನಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿ ಇದ್ದಾನೆಯೇ? ಗಾಂಜಾದ ವಿಷಯದಲ್ಲಿ ಮೂತ್ರ ಪರೀಕ್ಷೆ ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ವೈದ್ಯರ ಸಲಹೆಯಂತೆ, ರಾಜ್ಯದ ಕಾನೂನಿನಡಿ ಹೆಸರು ನೋಂದಾಯಿಸಿಕೊಂಡು ಗಾಂಜಾವನ್ನು ಔಷಧವಾಗಿ ಬಳಸುವವರ ಅನ್ನವನ್ನು ಅಂಥ ಪರೀಕ್ಷೆಯೊಂದನ್ನೇ ನಂಬಿ ಕಿತ್ತುಕೊಳ್ಳುವುದು ಅನ್ಯಾಯ ಎಂಬುದು ನನ್ನ ವಾದ. ಅಮೆರಿಕದ ರಾಜ್ಯಗಳಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಕಡೆ ಗಾಂಜಾದ ವೈದ್ಯಕೀಯ ಬಳಕೆಗೆ ಕಾನೂನಿನ ಒಪ್ಪಿಗೆ ಇದೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಇದಕ್ಕೆ ನಾಂದಿ ಹಾಡಿದರು. ಆದರೆ ಔಷಧ ಕೊಳ್ಳಲು ಅನುಮತಿ ಕೊಟ್ಟ ಕಾನೂನುಗಳಲ್ಲಿ ಎಷ್ಟೋ, ಅದನ್ನು ಬಳಸಿದವರ ನೌಕರಿ ಉಳಿಯುತ್ತದೆಯೇ ಎಂಬುದರ ಬಗ್ಗೆ ಬಾಯಿಬಿಡಲಿಲ್ಲ.

ಮೊದಲು ದೇಹದೊಳಗಿನ ವಿಷಯ ನೋಡೋಣ, ಏಕೆಂದರೆ ವಾದದ ಬೇರು ಅಲ್ಲಿದೆ. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಸೇದಿದರೆ ಅದು ನಿಮಿಷಗಳಲ್ಲಿ ರಕ್ತದ ಮೂಲಕ ಮಿದುಳು ತಲುಪುತ್ತದೆ, ಕೆಲವು ಗಂಟೆಗಳಲ್ಲಿ ಪರಿಣಾಮ ಇಳಿಯುತ್ತದೆ. ತಿಂದರೆ ನಿಧಾನವಾಗಿ ಏರಿ ಇನ್ನಷ್ಟು ಹೊತ್ತು ಇರುತ್ತದೆ. ಯಕೃತ್ತು ಇದನ್ನು ಒಡೆದು ಕಾರ್ಬಾಕ್ಸಿ-ಟಿಎಚ್‌ಸಿ ಎಂಬ ಉಳಿಕೆಯಾಗಿ ಮಾಡುತ್ತದೆ. ಈ ಉಳಿಕೆಗೆ ಅಮಲಿನ ಗುಣವಿಲ್ಲ. ಮೂತ್ರ ಪರೀಕ್ಷೆ ಹುಡುಕುವುದು ಇದನ್ನೇ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವಂಥದ್ದು. ದೇಹದ ಕೊಬ್ಬಿನಲ್ಲಿ ಸೇರಿಕೊಂಡು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಹಾಗಾಗಿ ಅಪರೂಪಕ್ಕೆ ಬಳಸಿದವರ ಮೂತ್ರದಲ್ಲಿ ಉಳಿಕೆ ಕೆಲವು ದಿನ ಕಾಣಿಸಿಕೊಂಡರೆ, ದಿನವೂ ಬಳಸುವವರಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳು ಮೀರಿಯೂ ಇರುತ್ತದೆ. ಅಮೆರಿಕದ ಸರ್ಕಾರಿ ಮಾನದಂಡದಲ್ಲಿ ಮೊದಲ ಹಂತದ ಗೆರೆ ಮಿಲಿಲೀಟರಿಗೆ 50 ನ್ಯಾನೊಗ್ರಾಂ, ಎರಡನೆಯ ಖಚಿತ ಪರೀಕ್ಷೆಯಲ್ಲಿ 15. ಈ ಅಂಕಿ ದಾಟಿದವನ ಮೂತ್ರದಲ್ಲಿ ಉಳಿಕೆ ಇದೆ ಎಂದು ಹೇಳಬಹುದು. ಅವನು ಬಳಸಿದ್ದು ನಿನ್ನೆಯೋ ಹದಿನೈದು ದಿನದ ಹಿಂದೆಯೋ, ಈಗ ಅವನ ತಲೆ ಸರಿಯಿದೆಯೋ ಇಲ್ಲವೋ, ಏನೂ ಹೇಳಲಾಗುವುದಿಲ್ಲ.

ಮದ್ಯದ ವಿಷಯ ಹೀಗಲ್ಲ. ಉಸಿರಿನಲ್ಲಿ ಸಿಗುವ ಪ್ರಮಾಣಕ್ಕೂ ರಕ್ತದಲ್ಲಿರುವುದಕ್ಕೂ ಕೈಕಾಲು ತಪ್ಪುವುದಕ್ಕೂ ಸಾಕಷ್ಟು ನೇರ ಸಂಬಂಧವಿದೆ. ಪೊಲೀಸರು ರಸ್ತೆಯಲ್ಲಿ ಊದಿಸಿ ನೋಡುವುದು ಅದನ್ನು ನಂಬಿ. ಗಾಂಜಾದಲ್ಲಿ ರಕ್ತ ತೆಗೆದು ಟಿಎಚ್‌ಸಿ ಅಳೆದರೂ ಅಂಥ ಸಂಬಂಧ ಸಿಗುವುದಿಲ್ಲವೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವೇ 2017ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಒಪ್ಪಿಕೊಂಡಿದೆ. ರಕ್ತಕ್ಕೇ ಸಾಧ್ಯವಾಗದ್ದನ್ನು ಮೂತ್ರದಿಂದ ನಿರೀಕ್ಷಿಸುವುದು ಹೇಗೆ? ಇದರ ಫಲ ವಿಚಿತ್ರ. ಇಂದು ಮಧ್ಯಾಹ್ನ ಊಟದ ವಿರಾಮದಲ್ಲಿ ಮೊದಲ ಬಾರಿ ಸೇದಿ ಅಮಲಿನಲ್ಲೇ ಬಂದು ಕೂತವನ ಮೂತ್ರದಲ್ಲಿ ಉಳಿಕೆ ಇನ್ನೂ ಇಳಿದಿರದೆ ಅವನು ಪಾಸಾಗಬಹುದು. ರಾತ್ರಿ ನೋವು ತಡೆಯಲಾರದೆ ಔಷಧ ತೆಗೆದುಕೊಂಡು, ನಿದ್ದೆ ಮಾಡಿ, ಬೆಳಿಗ್ಗೆ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂದ ರೋಗಿ ಪ್ರತಿಸಲವೂ ಸಿಕ್ಕಿಬೀಳುತ್ತಾನೆ.

ಕೊಲರಾಡೊ ರಾಜ್ಯದ ಕೋಟ್ಸ್ ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಹದಿಹರೆಯದಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಕೈಕಾಲುಗಳ ಶಕ್ತಿ ಕಳೆದುಕೊಂಡು ಗಾಲಿಕುರ್ಚಿಗೆ ಬಂದವರು ಕೋಟ್ಸ್. 2007ರಿಂದ ಡಿಶ್ ನೆಟ್‌ವರ್ಕ್ ಕಂಪನಿಯಲ್ಲಿ ಗ್ರಾಹಕರ ದೂರವಾಣಿ ಕರೆಗಳಿಗೆ ಉತ್ತರಿಸುವ ಕೆಲಸ. ಸ್ನಾಯುಗಳು ತಾವೇ ಸೆಟೆದುಕೊಳ್ಳುವ ಕಾಟಕ್ಕೆ 2009ರಲ್ಲಿ ರಾಜ್ಯದ ಪರವಾನಗಿ ಪಡೆದು ಗಾಂಜಾ ಬಳಸತೊಡಗಿದರು, ಮನೆಯಲ್ಲಿ, ಕೆಲಸ ಮುಗಿದ ಮೇಲೆ. 2010ರಲ್ಲಿ ಯಾದೃಚ್ಛಿಕ ಪರೀಕ್ಷೆಯಲ್ಲಿ ಟಿಎಚ್‌ಸಿ ಕಂಡಿತು. ತಾನು ನೋಂದಾಯಿತ ರೋಗಿ ಎಂದು ಅವರು ಹೇಳಿದರೂ ಕೆಲಸ ಹೋಯಿತು. ಕೆಲಸದ ಸಮಯದ ಹೊರಗೆ ಮಾಡಿದ ಕಾನೂನುಬದ್ಧ ಚಟುವಟಿಕೆಗಾಗಿ ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬ ಶಾಸನ ಕೊಲರಾಡೊದಲ್ಲಿದೆ. ಕೋಟ್ಸ್ ಅದರ ಆಸರೆ ಕೇಳಿದರು. 2015ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ರಾಜ್ಯ ಒಪ್ಪಿದರೂ ಒಕ್ಕೂಟದ ಕಾನೂನಿನಲ್ಲಿ ಗಾಂಜಾ ನಿಷಿದ್ಧ, ಆದ್ದರಿಂದ ಅದು ಕಾನೂನುಬದ್ಧವಲ್ಲ ಎಂಬುದು ಅದರ ತರ್ಕ. ಶಾಸನದ ಮಾತನ್ನು ಓದಿದ ನ್ಯಾಯಾಧೀಶರನ್ನು ನಾನು ದೂರುವುದಿಲ್ಲ. ಆದರೆ ಕೂತಲ್ಲಿಂದ ಫೋನಿನಲ್ಲಿ ಮಾತನಾಡುವ ನೌಕರನಿಂದ ಯಾರ ಜೀವಕ್ಕೆ ಏನು ಅಪಾಯವಿತ್ತು ಎಂಬುದು ಆ ತೀರ್ಪಿನಲ್ಲಿ ಚರ್ಚೆಗೇ ಬರಬೇಕಾಗಲಿಲ್ಲವಲ್ಲ, ಅದು ನನ್ನ ಸಂಕಟ.

ಪರೀಕ್ಷೆಯ ವ್ಯವಸ್ಥೆಯೊಳಗೆ ಇನ್ನೊಂದು ಅಸಮಾನತೆ ಇದೆ, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ್ದು. ಪ್ರಯೋಗಾಲಯದ ವರದಿ ನೇರವಾಗಿ ಮಾಲೀಕನ ಮೇಜಿಗೆ ಹೋಗುವುದಿಲ್ಲ. ನಡುವೆ ಒಬ್ಬ ಪರಿಶೀಲನಾ ವೈದ್ಯರಿರುತ್ತಾರೆ. ಪಾಸಿಟಿವ್ ಬಂದರೆ ಅವರು ನೌಕರನಿಗೆ ಫೋನ್ ಮಾಡಿ, ಇದಕ್ಕೆ ವೈದ್ಯಕೀಯ ಕಾರಣ ಇದೆಯೇ ಎಂದು ವಿಚಾರಿಸುತ್ತಾರೆ. ಬೆನ್ನುನೋವಿಗೆ ಆಕ್ಸಿಕೊಡೋನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಆತ ಹೇಳಿ, ವೈದ್ಯರ ಚೀಟಿ ನಿಜವೆಂದು ತಿಳಿದರೆ ವರದಿ ನೆಗೆಟಿವ್ ಎಂದೇ ಮಾಲೀಕನಿಗೆ ಹೋಗುತ್ತದೆ. ಆಕ್ಸಿಕೊಡೋನ್ ಅಫೀಮಿನ ವರ್ಗದ ಮದ್ದು, ಮಂಪರು ತರುತ್ತದೆ, ಚಟ ಹಿಡಿಸುತ್ತದೆ. ಆ ವರ್ಗದ ಮದ್ದುಗಳಿಂದ ಅಮೆರಿಕದಲ್ಲಿ ಸತ್ತವರ ಲೆಕ್ಕ ಲಕ್ಷಗಳಲ್ಲಿದೆ. ಅದೇ ಬೆನ್ನುನೋವಿಗೆ ಗಾಂಜಾ ಬಳಸುವವನು ರಾಜ್ಯದ ಕಾರ್ಡು ತೋರಿಸಿದರೆ, ಸಾರಿಗೆ ಇಲಾಖೆಯ ನಿಯಮದಡಿ ಬರುವ ಪರೀಕ್ಷೆಯಲ್ಲಿ ಆ ಕಾರ್ಡಿಗೆ ಬೆಲೆಯಿಲ್ಲ.

ಇದಕ್ಕಿಂತಲೂ ಸೋಜಿಗದ್ದು ಮ್ಯಾರಿನಾಲ್. ಇದು ಕಾರ್ಖಾನೆಯಲ್ಲಿ ತಯಾರಾದ ಟಿಎಚ್‌ಸಿ. ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲು 1985ರಲ್ಲೇ ಅಮೆರಿಕದ ಔಷಧ ಆಡಳಿತದ ಮಂಜೂರಾತಿ ಪಡೆದದ್ದು. ಈ ಗುಳಿಗೆ ನುಂಗಿದವರ ಮೂತ್ರದಲ್ಲಿ ಬರುವುದೂ ಅದೇ ಕಾರ್ಬಾಕ್ಸಿ-ಟಿಎಚ್‌ಸಿ. ಆದರೆ ಮ್ಯಾರಿನಾಲ್ ಚೀಟಿ ಇದ್ದವರಿಗೆ ಪರಿಶೀಲನಾ ವೈದ್ಯರು ವಿನಾಯಿತಿ ಕೊಡಬಹುದು. ಒಂದೇ ರಾಸಾಯನಿಕ, ಒಂದೇ ಉಳಿಕೆ, ಒಂದೇ ಅಮಲು. ಗುಳಿಗೆಯಾಗಿ ಬಂದರೆ ಔಷಧ, ಗಿಡದಿಂದ ಬಂದರೆ ಅಪರಾಧ. ಪರೀಕ್ಷೆಯ ಉದ್ದೇಶ ಸುರಕ್ಷತೆ ಎಂದು ಹೇಳುವವರು ಇದಕ್ಕೆ ಉತ್ತರ ಕೊಡಬೇಕು.

ಇನ್ನೊಂದು ಕಡೆಯ ಭಯ ಸುಳ್ಳಲ್ಲ. 1987ರ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ಕಾನ್‌ರೈಲ್ ಸಂಸ್ಥೆಯ ಎಂಜಿನ್‌ಗಳು ಸಿಗ್ನಲ್ ಮೀರಿ ಮುಖ್ಯ ಹಳಿಗೆ ಬಂದವು. ವೇಗವಾಗಿ ಬರುತ್ತಿದ್ದ ಆಮ್‌ಟ್ರಾಕ್ ಪ್ರಯಾಣಿಕರ ರೈಲು ಡಿಕ್ಕಿ ಹೊಡೆದು 16 ಜನ ಸತ್ತರು. ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರೆಂದು ತನಿಖೆಯಲ್ಲಿ ಹೊರಬಂತು. ಅಧ್ಯಕ್ಷ ರೇಗನ್ ಅದಕ್ಕೂ ಮುಂಚೆ, 1986ರಲ್ಲೇ, ಸರ್ಕಾರಿ ನೌಕರರ ಪರೀಕ್ಷೆಗೆ ಆದೇಶ ಹೊರಡಿಸಿದ್ದರು. 1988ರಲ್ಲಿ ಮಾದಕಮುಕ್ತ ಕೆಲಸದ ಸ್ಥಳ ಕಾಯ್ದೆ ಬಂತು, 1991ರಲ್ಲಿ ಸಾರಿಗೆ ನೌಕರರ ಪರೀಕ್ಷೆಯ ಕಾಯ್ದೆ. ರೈಲು, ವಿಮಾನ, ಲಾರಿ ಓಡಿಸುವವರ ವಿಷಯದಲ್ಲಿ ಈ ಕಟ್ಟುನಿಟ್ಟು ಏಕೆ ಬಂತೆಂದು ಆ ಹದಿನಾರು ಮನೆಗಳವರನ್ನು ನೆನೆದರೆ ತಿಳಿಯುತ್ತದೆ. ಗಾಂಜಾ ಪ್ರತಿಕ್ರಿಯೆಯ ವೇಗ ತಗ್ಗಿಸುತ್ತದೆ, ಗಮನ ಚದುರಿಸುತ್ತದೆ. ಔಷಧವಾಗಿ ತೆಗೆದುಕೊಂಡರೆ ಈ ಗುಣ ಮಾಯವಾಗುವುದಿಲ್ಲ. ರೋಗಿಗಳ ಪರ ವಾದಿಸುವ ಕೆಲವರು ಇದನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಕ್ರೇನ್ ಏರುವವನು, ಶಾಲಾ ಬಸ್ಸಿನ ಚಾಲಕ, ಶಸ್ತ್ರಚಿಕಿತ್ಸಕ, ಇಂಥವರಿಗೆ ಬೇರೆ ನಿಯಮ ಇರಲೇಬೇಕು. ಆ ನಿಯಮವನ್ನು ತಂದು ಲೆಕ್ಕಪತ್ರ ಬರೆಯುವವರಿಗೂ ಅಂಗಡಿಯಲ್ಲಿ ಡಬ್ಬ ಜೋಡಿಸುವವರಿಗೂ ಹೊದಿಸಿದ್ದು ಮಾತ್ರ ಸರಿಯಲ್ಲ. 1988ರ ಕಾಯ್ದೆಯನ್ನೇ ಓದಿದರೆ ಅದು ಸರ್ಕಾರಿ ಗುತ್ತಿಗೆದಾರರಿಗೆ ಪರೀಕ್ಷೆ ನಡೆಸಿ ಎಂದು ಹೇಳುವುದೇ ಇಲ್ಲ. ಕೆಲಸದ ಜಾಗದಲ್ಲಿ ಮಾದಕವಸ್ತು ಇರಬಾರದೆಂಬ ನೀತಿ ಇರಲಿ ಎನ್ನುತ್ತದೆ, ಅಷ್ಟೆ.

ನ್ಯಾಯಾಲಯಗಳು ಮೊದಮೊದಲು ಮಾಲೀಕರ ಕಡೆ ನಿಂತವು. ಬೆನ್ನಿಗೆ ಪೆಟ್ಟಾಗಿದ್ದ ವಾಯುಪಡೆಯ ಮಾಜಿ ಸೈನಿಕರೊಬ್ಬರ ಮೊಕದ್ದಮೆಯಲ್ಲಿ, 2008ರಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ರೋಗಿಗೆ ಶಿಕ್ಷೆಯಾಗದಂತೆ ಮತದಾರರು ರಕ್ಷಣೆ ಕೊಟ್ಟರೇ ಹೊರತು ನೌಕರಿಯ ರಕ್ಷಣೆ ಕೊಡಲಿಲ್ಲ ಎಂದಿತು. ಗಾಳಿ ತಿರುಗಿದ್ದು 2017ರಲ್ಲಿ, ಮ್ಯಾಸಚೂಸೆಟ್ಸ್‌ನ ಬಾರ್ಬುಟೊ ಮೊಕದ್ದಮೆಯಲ್ಲಿ. ಕರುಳಿನ ಕ್ರೋನ್ಸ್ ರೋಗದಿಂದ ಹಸಿವಿಲ್ಲದೆ ತೂಕ ಉಳಿಸಿಕೊಳ್ಳಲಾಗದ ಮಹಿಳೆ ಆಕೆ. ವಾರಕ್ಕೆ ಎರಡು ಮೂರು ಸಲ ಸಂಜೆ, ಮನೆಯಲ್ಲಿ, ಸ್ವಲ್ಪವೇ ಗಾಂಜಾ ಬಳಸುತ್ತಿದ್ದರು. ಪರೀಕ್ಷೆಗೆ ಮೊದಲೇ ಮೇಲಧಿಕಾರಿಗೆ ವಿಷಯ ತಿಳಿಸಿದ್ದರು, ತೊಂದರೆಯಾಗಲಿಕ್ಕಿಲ್ಲ ಎಂಬ ಮಾತೂ ಸಿಕ್ಕಿತ್ತು. ಕೆಲಸದ ಮೊದಲ ದಿನ ಮುಗಿದ ಸಂಜೆಯೇ ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬಂತು, ನಾಳೆಯಿಂದ ಬರಬೇಡಿ ಎಂದು. ಮುಖ್ಯ ನ್ಯಾಯಮೂರ್ತಿ ರಾಲ್ಫ್ ಗ್ಯಾಂಟ್ಸ್ ಬರೆದ ತೀರ್ಪು ಇಡೀ ಚರ್ಚೆಯ ದಿಕ್ಕು ಬದಲಿಸಿತು. ರಾಜ್ಯದ ಕಾನೂನಿನಲ್ಲಿ ಇದು ಬೇರೆ ಯಾವುದೇ ಔಷಧದಷ್ಟೇ ಸಮ್ಮತ. ಆದ್ದರಿಂದ ಅಂಗವಿಕಲ ನೌಕರರಿಗೆ ಕೊಡಬೇಕಾದ ಅನುಕೂಲಗಳಲ್ಲಿ ಇದೂ ಒಂದಾಗಬಹುದು. ತೊಂದರೆಯಾಗುತ್ತದೆಂದು ಮಾಲೀಕ ಹೇಳುವುದಾದರೆ ಅದನ್ನು ಅವನೇ ಸಾಬೀತು ಮಾಡಲಿ ಎಂದರು. ಒಕ್ಕೂಟದ ಕಾನೂನಿನ ಭಯವನ್ನು ಕಂಪನಿ ಮುಂದಿಟ್ಟಾಗ ಕೊಟ್ಟ ಉತ್ತರ ನನಗೆ ಬಹಳ ಮುಖ್ಯವೆನಿಸುತ್ತದೆ: ಆ ಕಾನೂನಿನಡಿ ಶಿಕ್ಷೆಯ ಅಪಾಯ ಇರುವುದು ಗಾಂಜಾ ಇಟ್ಟುಕೊಂಡ ನೌಕರಳಿಗೆ, ಮಾಲೀಕನಿಗಲ್ಲ.

2019ರಲ್ಲಿ ಅರಿಜೋನಾದ ಮೊಕದ್ದಮೆಯೊಂದು ಪರೀಕ್ಷೆಯ ಬೆಲೆಯನ್ನೇ ಒರೆಗೆ ಹಚ್ಚಿತು. ವಾಲ್‌ಮಾರ್ಟ್ ಅಂಗಡಿಯ ನೌಕರಳ ಮಣಿಕಟ್ಟಿನ ಮೇಲೆ ಮಂಜುಗಡ್ಡೆಯ ಚೀಲ ಬಿದ್ದು ಪೆಟ್ಟಾಯಿತು. ಪೆಟ್ಟಾಗಿದೆ ಎಂದು ಹೇಳಿಕೊಂಡಿದ್ದಕ್ಕೆ ಮೂತ್ರ ಪರೀಕ್ಷೆ. ಪರೀಕ್ಷೆಯಲ್ಲಿ ಉಳಿಕೆ ಕಂಡಿದ್ದಕ್ಕೆ ವಜಾ. ಆ ಪ್ರಮಾಣದ ಉಳಿಕೆಯಿಂದ ಆಕೆ ಅಮಲಿನಲ್ಲಿದ್ದಳೆಂದು ಹೇಳಲು ತಜ್ಞರ ಸಾಕ್ಷ್ಯ ಬೇಕು, ಅದು ಕಂಪನಿಯ ಬಳಿ ಇಲ್ಲ ಎಂದು ಕೋರ್ಟು ಹೇಳಿತು. ಅದೇ ವರ್ಷ ನ್ಯೂಜೆರ್ಸಿ, ಪಾಸಿಟಿವ್ ಬಂದ ನೌಕರನಿಗೆ ವಿವರಣೆ ಕೊಡಲು ಮೂರು ಕೆಲಸದ ದಿನಗಳ ಅವಕಾಶವನ್ನು ಕಾನೂನಿನಲ್ಲೇ ಬರೆಯಿತು. 2021ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕೆಲಸದಲ್ಲಿ ಬೆನ್ನಿಗೆ ಪೆಟ್ಟಾದ ಕಟ್ಟಡ ಕಾರ್ಮಿಕನ ಗಾಂಜಾದ ಖರ್ಚನ್ನು ಕಂಪನಿಯೇ ಭರಿಸಬೇಕೆಂದು ಆದೇಶಿಸಿತು. 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ, ಅಮಲಿನ ಗುಣವಿಲ್ಲದ ಉಳಿಕೆಯನ್ನು ಹುಡುಕುವ ಪರೀಕ್ಷೆ ಆಧರಿಸಿ ಕೆಲಸ ನಿರಾಕರಿಸುವಂತಿಲ್ಲ. ಕೆಲಸದ ಜಾಗದಲ್ಲಿ ಅಮಲೇರಿ ಇರಬಾರದೆಂಬ ನಿಯಮ ಹಾಗೇ ಇದೆ. ಕಟ್ಟಡ ಕೆಲಸಕ್ಕೂ ಒಕ್ಕೂಟದ ನಿಯಮದಡಿ ಪರೀಕ್ಷೆ ಕಡ್ಡಾಯವಿರುವ ಹುದ್ದೆಗಳಿಗೂ ವಿನಾಯಿತಿ ಇದೆ.

ಹಾಗಾದರೆ ಅಮಲನ್ನು ಕಂಡುಹಿಡಿಯುವುದು ಹೇಗೆ ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮದ್ಯಕ್ಕಿರುವಂತೆ ಊದಿಸಿ ನೋಡುವ ನಂಬಲರ್ಹ ಉಪಾಯ ಗಾಂಜಾಕ್ಕೆ ಇಲ್ಲ. ಆದರೆ ರಾತ್ರಿಯಿಡೀ ಮಗು ಅತ್ತು ನಿದ್ದೆಗೆಟ್ಟು ಬಂದವನನ್ನು, ಶೀತದ ಮಾತ್ರೆ ನುಂಗಿ ತೂಕಡಿಸುವವನನ್ನು ನಾವು ಯಾವ ಸೀಸೆಯಿಂದ ಕಂಡುಹಿಡಿಯುತ್ತೇವೆ? ಮಾತು ತೊದಲುವುದು, ಕೈ ನಡುಗುವುದು, ಲೆಕ್ಕ ತಪ್ಪುವುದು ತರಬೇತಿ ಪಡೆದ ಮೇಲ್ವಿಚಾರಕನಿಗೆ ಕಾಣುತ್ತದೆ. ಕಂಡದ್ದನ್ನು ಬರೆದಿಟ್ಟು, ಇನ್ನೊಬ್ಬರಿಂದ ಖಾತ್ರಿ ಮಾಡಿಸಿ, ಆ ದಿನ ಕೆಲಸದಿಂದ ದೂರವಿರಿಸಬಹುದು. ಗಮನ, ಪ್ರತಿಕ್ರಿಯೆಗಳನ್ನು ಕೆಲವೇ ನಿಮಿಷಗಳಲ್ಲಿ ಅಳೆಯುವ ಪರೀಕ್ಷೆಗಳೂ ಇವೆ. ಅವು ಕಾರಣ ಯಾವುದೇ ಇರಲಿ, ಮನುಷ್ಯನ ಈ ಹೊತ್ತಿನ ಸ್ಥಿತಿಯನ್ನು ನೋಡುತ್ತವೆ. ಇದಕ್ಕೆ ಸೀಸೆಗಿಂತ ಹೆಚ್ಚು ಶ್ರಮ ಬೇಕು, ಮೇಲ್ವಿಚಾರಕನ ಪಕ್ಷಪಾತ ಒಳಬರುವ ಅಪಾಯವೂ ಇದೆ. ಅದನ್ನು ತಿದ್ದಬಹುದು. ಆದರೆ ಹದಿನೈದು ದಿನ ಹಳೆಯ ಉಳಿಕೆ ಇಂದಿನ ಅಮಲಿಗೆ ಪುರಾವೆ ಎಂಬುದನ್ನು ಯಾವ ತರಬೇತಿಯೂ ಸರಿಮಾಡಲಾರದು.

ಕಾರ್ಡನ್ನು ನೆಪ ಮಾಡಿಕೊಂಡು ಮೋಜಿಗೆ ಬಳಸುವವರಿದ್ದಾರೆ ಎಂಬ ಆಕ್ಷೇಪವೂ ಇದೆ. ಇರಬಹುದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಲಭ್ಯ ಸಂಶೋಧನೆಯನ್ನೆಲ್ಲ ಜಾಲಾಡಿ, ದೀರ್ಘಕಾಲದ ನೋವು, ಕ್ಯಾನ್ಸರ್ ಚಿಕಿತ್ಸೆಯ ವಾಂತಿ, ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳು ಹೇಳಿಕೊಳ್ಳುವ ಸ್ನಾಯು ಬಿಗಿತ, ಇವಕ್ಕೆ ಗಾಂಜಾ ಅಥವಾ ಅದರ ಅಂಶಗಳಿಂದ ಉಪಯೋಗವಿದೆ ಎನ್ನಲು ಬಲವಾದ ಆಧಾರ ಇದೆ ಎಂದವು. ಉಳಿದ ಎಷ್ಟೋ ರೋಗಗಳಿಗೆ ಆಧಾರ ಸಾಲದು ಎಂದೂ ಹೇಳಿದವು. ಯಾರಿಗೆ ಕೊಡಬೇಕೆಂಬುದನ್ನು ವೈದ್ಯರು ಬಿಗಿಯಾಗಿ ನೋಡಿಕೊಳ್ಳಲಿ. ಅಲ್ಲಿ ಆದ ಸಡಿಲಿಕೆಯ ದಂಡವನ್ನು ನಿಜವಾದ ರೋಗಿಯ ಸಂಬಳದಿಂದ ವಸೂಲಿ ಮಾಡುವುದು ಬೇಡ.

ಈ ವಿಷಯ ನಮ್ಮಿಂದ ದೂರದ್ದಲ್ಲ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಒಂದು ಮಾತನ್ನು ನೆನಪಿಡಬೇಕು: ರಾಜ್ಯದ ಕಾನೂನು ಕೊಡುವ ರಕ್ಷಣೆ ವೀಸಾಕ್ಕೆ ಅನ್ವಯಿಸುವುದಿಲ್ಲ. ಪೌರತ್ವದ ಅರ್ಜಿಯಲ್ಲಿ, ರಾಜ್ಯ ಒಪ್ಪಿದ ಗಾಂಜಾ ಬಳಕೆಯನ್ನೂ ಸನ್ನಡತೆಗೆ ವಿರುದ್ಧವೆಂದು ಎಣಿಸಬಹುದೆಂದು ಅಮೆರಿಕದ ವಲಸೆ ಸೇವಾ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿದೆ. ವೈದ್ಯರ ಬಳಿ ಹೋಗುವ ಮೊದಲು ವಲಸೆ ವಕೀಲರನ್ನು ಕೇಳಿ. ಇತ್ತ ಬೆಂಗಳೂರಿನಲ್ಲಿ ಅಮೆರಿಕದ ಗ್ರಾಹಕ ಕಂಪನಿಗಳ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಹತ್ತು ಬಗೆಯ ವಸ್ತುಗಳ ಮೂತ್ರ ಪರೀಕ್ಷೆಗೆ ಸಾಲು ನಿಲ್ಲುವುದು ಮಾಮೂಲಾಗಿದೆ.

ನಮ್ಮ ಕಾನೂನಿನಲ್ಲೂ ಇದೇ ತೊಡಕು ಇದೆ. 1985ರ ಮಾದಕವಸ್ತು ಕಾಯ್ದೆ ಗಿಡದ ಹೂತುದಿಯನ್ನು ಗಾಂಜಾ ಎಂದು ನಿಷೇಧಿಸುತ್ತದೆ; ತುದಿ ಸೇರಿರದ ಎಲೆ, ಬೀಜ ಅದರ ವ್ಯಾಖ್ಯೆಯ ಹೊರಗೆ. ಭಂಗಿ ಈ ಕಾಯ್ದೆಯಲ್ಲಿ ನಿಷಿದ್ಧವೆಂದು ಎಲ್ಲೂ ಹೇಳಿಲ್ಲವೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನು ಆದೇಶವೊಂದರಲ್ಲಿ ಗಮನಿಸಿತು. ಎಲೆಯಿಂದ ತಯಾರಾಗುವ ‘ವಿಜಯಾ’ ಔಷಧಗಳನ್ನು ಆಯುರ್ವೇದ ವೈದ್ಯರು ನೋವಿಗೆ, ನಿದ್ರಾಹೀನತೆಗೆ ಬರೆದುಕೊಡುತ್ತಾರೆ. ಟಿಎಚ್‌ಸಿ ಇರುವ ಅಂಥ ಎಣ್ಣೆಯನ್ನು ಚೀಟಿ ಹಿಡಿದು ಕೊಂಡು ಬಳಸಿದವರ ಮೂತ್ರದಲ್ಲೂ ಅದೇ ಉಳಿಕೆ ಬರುತ್ತದೆ. ವಿಮಾನ ಸಿಬ್ಬಂದಿ ಮತ್ತು ಸಂಚಾರ ನಿಯಂತ್ರಕರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2022ರ ಜನವರಿ 31ರಿಂದ ಇಂಥ ಪರೀಕ್ಷೆ ಜಾರಿಗೆ ತಂದಿದೆ. ಅಲ್ಲೂ ಮೊದಲ ಸಲ ಸಿಕ್ಕವರನ್ನು ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸುತ್ತಾರೆಯೇ ಹೊರತು ಒಂದೇ ವರದಿಗೆ ಲೈಸೆನ್ಸು ಕಿತ್ತುಕೊಳ್ಳುವುದಿಲ್ಲ. ನೂರಾರು ಜೀವ ಕೈಯಲ್ಲಿರುವ ಪೈಲಟ್‌ಗೆ ಸಿಗುವಷ್ಟು ತಾಳ್ಮೆ ಕಂಪ್ಯೂಟರ್ ಮುಂದೆ ಕೂರುವವಳಿಗೂ ಸಿಗಬೇಡವೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್, ಪಾರ್ಕಿನ್ಸನ್ ರೋಗಗಳೂ ಇವೆ. ಆ ಕಾಯ್ದೆಯ 21ನೇ ಕಲಮಿನಂತೆ ಪ್ರತಿಯೊಂದು ಸಂಸ್ಥೆ, ಖಾಸಗಿಯವೂ ಸೇರಿ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಬೆಂಗಳೂರಿನ ಕಂಪನಿಗಳ ಮಾನವ ಸಂಪನ್ಮೂಲ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟು: ಆ ನೀತಿಯಲ್ಲಿ ಇನ್ನೂ ಕೆಲವು ಸಾಲು ಸೇರಿಸಿ. ಪಾಸಿಟಿವ್ ವರದಿಯನ್ನು ಮೊದಲು ವೈದ್ಯರು ನೋಡಲಿ, ವ್ಯವಸ್ಥಾಪಕರಲ್ಲ. ನೌಕರರಿಗೆ ಚೀಟಿ ತೋರಿಸಲು ಕೆಲವು ದಿನ ಕೊಡಿ, ಅವರ ರೋಗದ ಹೆಸರು ವೈದ್ಯರ ಕೋಣೆಯಿಂದ ಹೊರಗೆ ಬಾರದಿರಲಿ. ಜೀವಾಪಾಯದ ಹುದ್ದೆಗಳು ಯಾವುವೆಂದು ಮೊದಲೇ ಹೆಸರಿಸಿ, ಉಳಿದೆಡೆ ಕೆಲಸದ ಹೊತ್ತಿನ ಅಮಲನ್ನು ಮಾತ್ರ ತಪ್ಪೆಂದು ಎಣಿಸಿ. ಇದಕ್ಕೆ ಹೊಸ ಶಾಸನ ಕಾಯಬೇಕಿಲ್ಲ. ನಿಮ್ಮ ಕಂಪನಿಯ ಮುಂದಿನ ಸಭೆಯಲ್ಲೇ ಆಗುವ ಕೆಲಸ.